ಮೂರು ಸಲ ಬೇಡ ಅನ್ನಬೇಕಿತ್ತು

ಚರ್ಚಾಸ್ಪರ್ಧೆಯಲ್ಲಿ ಪಳಗಿದವರಿಗೆ ಒಂದು ಕಾಯಿಲೆ ಇರುತ್ತದೆ. ಯಾರಾದರೂ "ಮಾತಾಡ್ತೀರಾ?" ಎಂದರೆ ಸಾಕು, ಮೈಕ್ ಎಲ್ಲಿದೆ ಎಂದು ಕಣ್ಣು ಹುಡುಕುತ್ತದೆ. ಸಿಯಾಟಲ್ ನಗರದ ಯೂನಿವರ್ಸಿಟಿ ಡಿಸ್ಟ್ರಿಕ್ಟ್‌ನಲ್ಲಿ ಓದಿದಷ್ಟು ಕಾಲವೂ ನಾನು ಅದನ್ನು ಪ್ರತಿಭೆ ಎಂದೇ ತಿಳಿದಿದ್ದೆ. ಕಾಯಿಲೆ ಎಂದು ಗೊತ್ತಾದದ್ದು ಕೆಲಸಕ್ಕೆ ಸೇರಿದ ಎರಡನೇ ವಾರ.

ಕೆಲಸ ಸಿಯಾಟಲ್‌ನ ದಕ್ಷಿಣದ ಒಂದು ಸಮುದಾಯ ಭವನದಲ್ಲಿ. ಪೆಸಿಫಿಕ್ ಸಾಗರದ ನಡುವಿನ ಸಮೋವಾ ದ್ವೀಪಗಳಿಂದ ಬಂದ ಕುಟುಂಬಗಳು ಅದನ್ನು ನಡೆಸುತ್ತವೆ. ಫೋನ್ ಎತ್ತುವುದು, ಹಾಲ್ ಯಾವ ದಿನ ಯಾರಿಗೆ ಎಂದು ಬರೆದಿಡುವುದು, ಹಿರಿಯರ ಅರ್ಜಿ ತುಂಬಿಕೊಡುವುದು ನನ್ನ ಪಾಲಿನ ಕೆಲಸ. ಭಾನುವಾರ ಕೈ ಖಾಲಿ ಇದ್ದರೆ ಕೆಸುವಿನ ಎಲೆಯನ್ನೂ ತೊಳೆಯಬೇಕು. ಈ ಕೊನೆಯದನ್ನು ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು.

"ಎಂತ ಮಾರಾಯ್ತಿ, ಕೆಸುವಿನ ಎಲೆ ತೊಳೀಲಿಕ್ಕೆ ನಮ್ಮ ಈ ನಾರ್ತ್ ಕ್ರೀಕ್‌ನಿಂದ ಅಷ್ಟು ದೂರ ಡ್ರೈವ್ ಮಾಡ್ಬೇಕಾ? ಇಲ್ಲೇ ಪತ್ರೊಡೆ ಮಾಡುವ, ಇಲ್ಲೇ ತೊಳಿ," ಎಂದಳು ಅಮ್ಮ.

"ಅವರು ತೆಂಗಿನಹಾಲು ತುಂಬಿ ಬೇಯಿಸ್ತಾರೆ ಅಮ್ಮ."

"ಹುಳಿ?"

"ಹುಳಿ ಇಲ್ಲ."

"ಹುಳಿ ಇಲ್ವಾ? ಗಂಟಲು ತುರಿಸುದಿಲ್ವಾ ಅವರಿಗೆ?"

ತುರಿಸುವುದಿಲ್ಲ. ಚೆನ್ನಾಗಿ ಬೆಂದರೆ ಹುಳಿ ಬೇಕಿಲ್ಲ ಎಂದು ಒಂದು ಪೊಟ್ಟಣ ತಂದು, ಅವಳ ಎದುರೇ ತಿಂದು ಸಾಬೀತು ಮಾಡಿದೆ. "ನಿನ್ನ ಗಂಟಲಿನ ಮಾತು ಬಿಡು, ಅದಕ್ಕೆ ಏನು ಆಗ್ತದೆ," ಎಂದು ಅಮ್ಮ ಸಾಕ್ಷ್ಯವನ್ನೇ ತಳ್ಳಿಹಾಕಿದಳು. ನನಗೆ ವಾದದ ಹುಚ್ಚು ಎಲ್ಲಿಂದ ಬಂತು ಎಂದು ಕೇಳುವವರು ನಮ್ಮ ಮನೆಗೆ ಒಮ್ಮೆ ಬರಬೇಕು.

ಆ ಪೊಟ್ಟಣಗಳು ಬೇಯುವುದು ಭವನದ ಹಿಂದಿನ ಅಂಗಳದಲ್ಲಿ. ಕಟ್ಟಿಗೆ ಉರಿಸಿ ಕಲ್ಲುಗಳನ್ನು ಕೆಂಪಗೆ ಕಾಯಿಸುತ್ತಾರೆ. ಮೇಲೆ ಕೆಸುವಿನ ಗಡ್ಡೆ, ದೀವಿಹಲಸು ಎನ್ನುವ ಜೀಗುಜ್ಜೆ, ಹಂದಿಮಾಂಸ, ಎಲೆಯ ಪೊಟ್ಟಣಗಳನ್ನು ಜೋಡಿಸಿ, ಬಾಳೆ ಎಲೆ ಮತ್ತು ಒದ್ದೆ ಗೋಣಿಚೀಲ ಹೊದಿಸುತ್ತಾರೆ. ಇದೇ 'ಉಮು'. ಭಾನುವಾರ ಚರ್ಚ್ ಮುಗಿಸಿ ಬಂದವರೆಲ್ಲ ಉಣ್ಣುವುದು ಇದರದ್ದೇ ಊಟ. ಮಕ್ಕಳು ಅಜ್ಜ ಅಜ್ಜಿಯರ ಪಕ್ಕದಲ್ಲಿ ಕೂರುವುದು ವಾರಕ್ಕೆ ಅದೊಂದೇ ಹೊತ್ತು.

ಭವನದ ಹಿರಿಯರು ಇಬ್ಬರು. ಒಬ್ಬರು ಸಿಟಿ ಬಸ್ ಓಡಿಸಿ ನಿವೃತ್ತರಾದವರು, ಇನ್ನೊಬ್ಬರು ವಿಮಾನ ಕಾರ್ಖಾನೆಯಿಂದ. ಎದುರಿಗೆ ಇಬ್ಬರನ್ನೂ 'ಅಂಕಲ್' ಎನ್ನುತ್ತಿದ್ದೆ. ಮನಸ್ಸಿನಲ್ಲಿ ಬಸ್ಸಿನ ಅಜ್ಜ, ವಿಮಾನದ ಅಜ್ಜ. ಎರಡನೇ ವಾರದ ಸಭೆಯಲ್ಲಿ ಬಸ್ಸಿನ ಅಜ್ಜ ನನ್ನ ಕಡೆ ತಿರುಗಿ, "ಹೊಸಬಳು, ಓದಿದವಳು. ಇವತ್ತು ಸ್ವಾಗತದ ಮಾತು ನೀನೇ ಆಡು ಮಗಳೇ," ಎಂದರು.

"ಖಂಡಿತ!" ಎಂದು ಎದ್ದೇಬಿಟ್ಟೆ. ಮೂರು ಅಂಶ, ಒಂದು ಉದಾಹರಣೆ, ಘನವಾದ ಮುಕ್ತಾಯ. ಚಪ್ಪಾಳೆಯೇನೋ ಬಂತು. ಆದರೆ ಮಗು ಮೊದಲ ಸಲ ತಾನೇ ಶೂ ಹಾಕಿಕೊಂಡಾಗ ಹೊಡೆಯುತ್ತಾರಲ್ಲ, ಆ ಚಪ್ಪಾಳೆ. ಅದೂ ಎಡಬಲ ಅದಲುಬದಲಾದ ಶೂ.

ಆಮೇಲೆ ಅಡುಗೆಮನೆಯಲ್ಲಿ, ಅಲ್ಲಿನ ಒಲೆ-ಉಮು ಎಲ್ಲದರ ಒಡತಿಯಾದ ಆಂಟಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

"ನೀನು ಬೇಡ ಅನ್ಬೇಕಿತ್ತು."

"ಆದ್ರೆ ನಂಗೆ ಮಾತಾಡ್ಬೇಕಿತ್ತಲ್ಲ ಆಂಟಿ!"

"ಎಲ್ಲರಿಗೂ ಮಾತಾಡ್ಬೇಕು ಅಂತ್ಲೇ ಇರತ್ತೆ. ಅದಕ್ಕೇ ಬೇಡ ಅನ್ನೋದು. ನೀನು ಅವರಿಗೆ ಬಿಟ್ಟುಕೊಡು, ಅವರು ನಿನಗೆ ಬಿಟ್ಟುಕೊಡ್ತಾರೆ. ಕೊನೆಗೆ ಯಾರೇ ಎದ್ರೂ ಅದು ಎಲ್ಲರ ಮಾತು."

"ಎಷ್ಟು ಸಲ ಬೇಡ ಅನ್ಬೇಕು?"

"ನಮಗೆ ಹಾಗೇ ಗೊತ್ತಾಗತ್ತೆ. ನಿನಗೆ ಗೊತ್ತಾಗಲ್ಲ, ನೀನು ಮೂರು ಅಂತ ಇಟ್ಕೋ."

ಮಾತಿಗೆ ಮುಂಚೆ ಯಾರು ಮಾತಾಡಬೇಕೆಂದು ನಡೆಯುವ ಈ ಎಳೆದಾಟಕ್ಕೆ ಅವರಲ್ಲಿ 'ಫಾಅತಾವು' ಎನ್ನುತ್ತಾರೆ. ನಿಘಂಟು ತೆಗೆದು ನೋಡಿದರೆ ಕೊಳ್ಳುವುದು, ಮಾರುವುದು ಎಂಬ ಅರ್ಥವೂ ಇತ್ತು. ಚೌಕಾಸಿಯೇ ಸರಿ, ಆದರೆ ಇಲ್ಲಿ ಇಬ್ಬರೂ ಸರಕನ್ನು ಎದುರಿನವನ ಕೈಗೆ ತುರುಕುತ್ತಾರೆ. ನಾನು ಕಲಿತ ಚರ್ಚೆಯಲ್ಲಿ ಎದುರಾಳಿಗೆ ಅರ್ಧ ನಿಮಿಷ ಬಿಟ್ಟುಕೊಟ್ಟವನು ಮೂರ್ಖ. ಮನೆಗೆ ಬಂದು ಇದನ್ನೆಲ್ಲ ಹೇಳಿದರೆ ಅಮ್ಮನಿಗೆ ಆಶ್ಚರ್ಯವೇ ಆಗಲಿಲ್ಲ.

"ಇದರಲ್ಲಿ ಹೊಸತು ಎಂತ ಉಂಟು? ನೆಂಟರ ಮನೆಯಲ್ಲಿ ಒಂದು ಸಲ ಕೇಳಿದ ಕೂಡಲೇ ಕಾಫಿ ಕುಡಿದವಳು ನಮ್ಮ ಕುಟುಂಬದಲ್ಲಿ ನೀನೊಬ್ಬಳೇ. ನಾಚಿಕೆಯಿಂದ ನಾನು ಎರಡು ಸಲ ಹೆಚ್ಚು ಬೇಡ ಹೇಳಿದೆ, ನನಗೆ ಕಾಫಿಯೇ ಸಿಗಲಿಲ್ಲ."

ಬೇಸಿಗೆಗೆ ಮುಂಚೆ ದೂರು ಬಂತು. ಭವನಕ್ಕೂ ಅಕ್ಕಪಕ್ಕದ ಮನೆಗಳಿಗೂ ಹಿಂದಿನ ಅಂಗಳ ಒಂದೇ. ಅಲ್ಲಿ ಏನು ಮಾಡಬಹುದೆಂದು ತೀರ್ಮಾನಿಸುವುದು ನಿವಾಸಿಗಳ ಸಂಘ. ಉಮುವಿನ ಹೊಗೆ ಮಲಗುವ ಕೋಣೆಗೆ ನುಗ್ಗುತ್ತದೆ, ಅದನ್ನು ನಿಲ್ಲಿಸಬೇಕು ಎಂದು ಪಕ್ಕದ ಮನೆಯಾತ ಬರೆದುಕೊಟ್ಟಿದ್ದ. ಆಂಟಿ ಆ ಕಾಗದವನ್ನು ಎರಡು ಸಲ ಓದಿ ಮಡಚಿದರು. "ಓವನ್‌ನಲ್ಲಿ ಬೇಯಿಸಬಹುದು. ಆದ್ರೆ ಓವನ್ ಊಟಕ್ಕೆ ಯಾರು ಬರ್ತಾರೆ? ಮನೆಮನೆಯಲ್ಲೂ ಓವನ್ ಇದೆಯಲ್ಲ," ಎಂದರು. ಅವರು ನಗದೆ ಮಾತಾಡಿದ್ದನ್ನು ನಾನು ಕಂಡದ್ದು ಅವತ್ತೇ ಮೊದಲು.

ನಾನು ತೋಳೇರಿಸಿದೆ. ಗಾಳಿಯ ದಿಕ್ಕು, ಬೀದಿಯಲ್ಲಿ ಎಷ್ಟು ಮನೆಗಳ ಬಾರ್ಬೆಕ್ಯೂ ಹೊಗೆಯಾಡುತ್ತದೆ, ಒಬ್ಬರಿಗೊಂದು ನ್ಯಾಯ ಇನ್ನೊಬ್ಬರಿಗೊಂದೇ? ಮೂರು ಪುಟವಾಯಿತು. ಬಸ್ಸಿನ ಅಜ್ಜ ಓದಿ, "ತುಂಬಾ ಚೆನ್ನಾಗಿದೆ. ಕೈಯಲ್ಲಿ ಇಟ್ಕೋ," ಎಂದರು. ಕೈಯಲ್ಲಿ ಇಟ್ಟುಕೊಳ್ಳುವುದೆಂದರೆ ಓದುವುದು ಎಂದು ನಾನು ಅರ್ಥ ಮಾಡಿಕೊಂಡೆ.

ಸಂಘದ ಸಭೆಯಲ್ಲಿ ಒಂದೊಂದು ಕಡೆಗೆ ಐದು ನಿಮಿಷ. ಪಕ್ಕದ ಮನೆಯಾತ, ನಲವತ್ತರ ಆಸುಪಾಸಿನ ಗಡ್ಡದ ಮನುಷ್ಯ, ಹೊಗೆ, ಪರದೆಯ ವಾಸನೆ ಎಂದೆಲ್ಲ ಖಡಕ್ಕಾಗಿ ಹೇಳಿ ಕೂತ. ಅಧ್ಯಕ್ಷೆ ಫೋನಿನ ಟೈಮರ್ ಒತ್ತಿ, "ನಿಮ್ಮ ಕಡೆಯಿಂದ ಯಾರು?" ಎಂದರು.

"ನನಗಿಂತ ಹಿರಿಯರು ಇವರಿದ್ದಾರೆ. ಇವರು ಮಾತಾಡಲಿ," ಎಂದರು ಬಸ್ಸಿನ ಅಜ್ಜ.

"ಈ ಬೀದಿಯಲ್ಲೇ ಬಸ್ ಓಡಿಸಿದವರು ಅವರು. ಇಲ್ಲಿ ಮಾತು ಅವರದ್ದೇ," ಎಂದರು ವಿಮಾನದ ಅಜ್ಜ.

"ಬಸ್ಸಲ್ಲಿ ನಾನು ಸ್ಟಾಪ್ ಹೆಸರು ಬಿಟ್ಟು ಬೇರೇನೂ ಮಾತಾಡಿಲ್ಲ. ನೀವೇ."

ನಾಲ್ಕು ನಿಮಿಷ ಉಳಿದಿತ್ತು. ಮೂರೂವರೆ. "ಟೈಮ್ ಹೋಗ್ತಿದೆ ಅಂಕಲ್," ಎಂದು ಪಿಸುಗುಟ್ಟಿದೆ. ಆಂಟಿ ಮೇಜಿನ ಕೆಳಗೆ ನನ್ನ ಕಾಲು ಮೆಟ್ಟಿದರು. ಮೂರು ನಿಮಿಷಕ್ಕೆ ಬಂದಾಗ ಬಸ್ಸಿನ ಅಜ್ಜ ನನ್ನ ಕಡೆ ತಿರುಗಿದರು.

"ಹಾಗಾದ್ರೆ ನಮ್ಮ ಮಗಳು ಮಾತಾಡ್ಲಿ."

ಮೂರು ಪುಟ ನನ್ನ ಕೈಯಲ್ಲೇ ಇತ್ತು. ಆದರೂ, "ಬೇಡ, ನೀವೆಲ್ಲ ಇರುವಾಗ ನಾನಾ?" ಎಂದೆ. ವಿನಯದಿಂದ ಅಲ್ಲ. ಎರಡನೇ ಸಲ ಕೇಳುತ್ತಾರೆ, ಆಗ ಎದ್ದರೂ ಎರಡೂವರೆ ನಿಮಿಷ ಸಿಗುತ್ತದೆ ಎಂದು ಎಣಿಸಿದ್ದೆ. ಅವರು ಕೇಳಲಿಲ್ಲ. ಪಕ್ಕದ ಮನೆಯಾತನ ಕಡೆ ಕೈ ಚಾಚಿ, "ಈ ಬೀದಿಗೆ ನಮ್ಮ ಭವನಕ್ಕಿಂತ ಮೊದಲು ಬಂದವರು ಇವರು. ಉಳಿದ ಸಮಯ ಇವರಿಗೆ ಸೇರಿದ್ದು," ಎಂದು ಕೂತುಬಿಟ್ಟರು.

ಆತ ಗಲಿಬಿಲಿಗೊಂಡ. ಎದುರಾಳಿಗೆ ಉತ್ತರ ಕೊಡಲು ಸಜ್ಜಾಗಿ ಬಂದವನಿಗೆ ಎದುರಾಳಿಯೇ ಇರಲಿಲ್ಲ. "ನಂದು ಹೇಳಿ ಆಯ್ತಲ್ಲ," ಎಂದ. "ಇನ್ನೂ ಎರಡೂವರೆ ನಿಮಿಷ ಇದೆ," ಎಂದರು ಅಧ್ಯಕ್ಷೆ. ಆತ ಗಡ್ಡ ಕೆರೆದುಕೊಂಡ.

"ನಿಜ ಹೇಳ್ಬೇಕಂದ್ರೆ, ಹೊಗೆ ಅಷ್ಟೇನಿಲ್ಲ. ನಂದು ನೈಟ್ ಶಿಫ್ಟ್. ಬೆಳಗ್ಗೆ ಆರಕ್ಕೆ ಬಂದು ಮಲಗ್ತೀನಿ. ಏಳಕ್ಕೆ ಹೊಗೆ ಬರತ್ತೆ, ಕಿಟಕಿ ಹಾಕ್ತೀನಿ. ಒಂಬತ್ತಕ್ಕೆ ಹಂದಿಮಾಂಸದ ಪರಿಮಳ ಬರತ್ತೆ, ಅದು ಕಿಟಕಿ ಹಾಕಿದ್ರೂ ಬರತ್ತೆ. ಆಮೇಲೆ ಮನುಷ್ಯ ಹೇಗೆ ಮಲಗ್ತಾನೆ ನೀವೇ ಹೇಳಿ!"

ಮೊದಲು ನಕ್ಕವರು ಅಧ್ಯಕ್ಷೆ. ಹತ್ತು ಗಂಟೆಗೆ ಬೆಂಕಿ ಹಚ್ಚಿದರೆ, ಕಲ್ಲುಗಳನ್ನು ಅಂಗಳದ ಆಚೆ ತುದಿಗೆ ಸಾಗಿಸಿದರೆ ತನ್ನ ತಕರಾರಿಲ್ಲ ಎಂದ ಆತ. "ಹಾಗಾದ್ರೆ ಊಟ ಎರಡು ಗಂಟೆಗಾ?" ಎಂದು ಆಂಟಿ ಹಣೆ ಚಚ್ಚಿಕೊಂಡರು, ಆದರೆ ನಗುತ್ತ. "ಭಾನುವಾರ ನೀವೂ ಬನ್ನಿ," ಎಂದರು ವಿಮಾನದ ಅಜ್ಜ.

"ಎರಡಕ್ಕೇ ಬರ್ಲಾ, ಇಲ್ಲ ಸ್ವಲ್ಪ ಮುಂಚೆ ಬರ್ಲಾ?" ಎಂದ ಆತ. ಒಂದೇ ಒಂದು 'ಬೇಡ' ಇಲ್ಲ. ನನ್ನ ಜಾತಿಯ ಮನುಷ್ಯ!

ಹೊರಗೆ ಬಂದ ಮೇಲೆ ಬಸ್ಸಿನ ಅಜ್ಜನನ್ನು ಹಿಡಿದು ನಿಲ್ಲಿಸಿದೆ. "ಆತ ಇನ್ನೂ ಎರಡೂವರೆ ನಿಮಿಷ ಬೈದಿದ್ರೆ?"

"ಬೈಯೋದು ಮುಗೀತಿತ್ತು. ಆಮೇಲೆ ನೀನಿದ್ದೆಯಲ್ಲ, ಮೂರು ಪುಟ."

"ಆಮೇಲೆ ಟೈಮ್ ಎಲ್ಲಿರ್ತಿತ್ತು ಅಂಕಲ್?"

ಅವರು ಕಾರಿನ ಕೀಲಿ ಹುಡುಕಿದರು. ಒಂದು ಉದಾಹರಣೆ ಹಿಡಿದು ಸಿದ್ಧಾಂತ ಕಟ್ಟಬಾರದು ಎಂಬ ನನ್ನ ಆಕ್ಷೇಪ ಇನ್ನೂ ಹಾಗೇ ಇದೆ. ಆದರೆ ಉಮುವೂ ಇದೆ.

ಆ ಭಾನುವಾರ ಹತ್ತಕ್ಕೆ ಬೆಂಕಿ ಹೊತ್ತಿತು. ಒಂದೂವರೆಗೇ ಪಕ್ಕದ ಮನೆಯಾತ ಬಂದು ಕೂತ. ಎರಡೂಕಾಲಿಗೆ ಊಟ ಬಂತು. ಆಂಟಿ ಕೆಸುವಿನ ಪೊಟ್ಟಣಗಳ ತಟ್ಟೆ ಹಿಡಿದು ಎರಡನೇ ಸುತ್ತು ಬಂದರು.

"ಇನ್ನೊಂದು?"

"ಹಾಕಿ," ಎಂದ ಆತ.

"ನಿನಗೆ?"

"ಬೇಡ ಆಂಟಿ," ಎಂದೆ, ಕಲಿತವಳಂತೆ, ಕಣ್ಣು ಮಾತ್ರ ತಟ್ಟೆಯ ಮೇಲಿತ್ತು. ಅವರು "ಸರಿ" ಎಂದು ಮುಂದಿನ ಮೇಜಿಗೆ ನಡೆದೇಬಿಟ್ಟರು.

"ಆಂಟೀ! ಅದು ಮೊದಲನೇ ಬೇಡ!"