ಮಾಯಪ್ಪನ ಅಂಬಾಸಿಡರ್‌ಗೆ ಡಿಸ್ಕ್ ಬ್ರೇಕ್

ನಾಗನೂರಿನ ಮಾಯಪ್ಪನ ಅಂಬಾಸಿಡರ್‌ನಲ್ಲಿ ಕೂರದ ಮದುಮಗಳು ಸುತ್ತ ನಾಲ್ಕೂರಲ್ಲಿ ಇರಲಿಲ್ಲ. ಹೆರಿಗೆಗೆ ಗೋಕಾಕಕ್ಕೆ ಹೋಗುವವರಿಗೂ ಅದೇ ಕಾರು, ಕೂಸು ಎತ್ತಿಕೊಂಡು ಬರುವವರಿಗೂ ಅದೇ. ಕುರಿ ಕಾಯುವ ಮನೆತನದವನು ಕುರಿ ಮಾರಿ ಕಾರು ತಂದಾಗ ಮಂದಿ ಬಾಯಿ ತುಂಬ ನಕ್ಕಿದ್ದರು. ನಕ್ಕವರೇ ಮುಂದೆ ಮಗಳ ಮದುವೆಗೆ ಅವನ ಬಾಗಿಲು ಬಡಿದರು ಬಿಡಿ. ಅಂಥ ಕಾರಿನಲ್ಲಿ ಅವನ ಸ್ವಂತ ಹೆಂಡತಿ ದುಂಡವ್ವ ಒಂಬತ್ತು ವರ್ಷದಿಂದ ಕಾಲಿಟ್ಟಿಲ್ಲ. ಮೂಡಲಗಿ ಸಂತೆಗೆ ಬಸ್ಸಿನಲ್ಲಿ ಜೋತುಬಿದ್ದು ಹೋಗುತ್ತಾಳೆ. ಗಂಡ ಖಾಲಿ ಕಾರು ಓಡಿಸಿಕೊಂಡು ಬಸ್ಸಿನ ಹಿಂದೆಯೇ ಹೋದರೂ ತಿರುಗಿ ನೋಡುವುದಿಲ್ಲ. ಹಟ ಅಂದರೆ ಹಟ!

ಮೊದಲೆಲ್ಲ ಹೀಗಿರಲಿಲ್ಲ. ಬಾಡಿಗೆ ಇಲ್ಲದ ಸಂಜೆ ಇಬ್ಬರೂ ಗೋಕಾಕ ಫಾಲ್ಸ್ ನೋಡಲು ಹೊರಡುತ್ತಿದ್ದರು. ಮುಂದಿನ ಸೀಟು ಆಗ ಈ ತುದಿಯಿಂದ ಆ ತುದಿಗೆ ಒಂದೇ. ಮಗಳು ಭಾಗ್ಯಾ ನಡುವೆ ನಿದ್ದೆಹೋದರೆ, ಆ ಬದಿಯಲ್ಲಿ ಕೂತ ದುಂಡವ್ವ ಹುರಿದ ಶೇಂಗಾ ಸುಲಿದು ಗಂಡನ ಬಾಯಿಗೆ ಹಾಕುತ್ತಿದ್ದಳು. "ಎಡಕ ಎಮ್ಮಿ ಬಂತು, ಸಾವಕಾಶ ಹೋಗ್ರಿ" ಎಂದು ಅವಳು ಕೂಗುವುದು, "ಕಾರು ನೀ ಓಡಸಾಕತ್ತೀಯೋ, ನಾನೋ?" ಎಂದು ಅವನು ಗದರುವುದು. ಆ ಜಗಳದ ಸವಿ ನೆನೆದು ಮಾಯಪ್ಪ ಈಗಲೂ ಪಕ್ಕದ ಖಾಲಿ ಸೀಟನ್ನು ಕೈಯಿಂದ ಸವರುತ್ತಾನೆ.

ಎಲ್ಲ ಕೆಟ್ಟದ್ದು ಒಂದು ಮಳೆಯ ದಿನ. ಹುಕ್ಕೇರಿ ಬೀಗರ ಮನೆಯಿಂದ ಇಬ್ಬರೂ ಬರುತ್ತಿದ್ದರು. ಹಳ್ಳದ ಸೇತುವೆ ಮೇಲೆ ಮೊಣಕಾಲುದ್ದ ನೀರು. ಹಳೇ ಕಾರಿನ ಡ್ರಮ್ ಬ್ರೇಕಿನೊಳಗೆ ನೀರು ಹೊಕ್ಕರೆ ಅದು ಹಿಡಿಯುವುದಿಲ್ಲ. ದಾಟಿದ ಮೇಲೆ ಒಂದು ಫರ್ಲಾಂಗು ಬ್ರೇಕನ್ನು ಮೆಲ್ಲಗೆ ಅದುಮಿಕೊಂಡೇ ಹೋಗಬೇಕು. ಡ್ರಮ್ ಬಿಸಿಯಾಗಿ ನೀರು ಆರಬೇಕು. ಇದನ್ನು ಊರ ಡ್ರೈವರುಗಳಿಗೆಲ್ಲ ಕಲಿಸಿದವನೇ ಮಾಯಪ್ಪ. ಅಂದು ಮಾತ್ರ ಬಾಡಿಗೆಯವರು ಕಾಯುತ್ತಿದ್ದಾರೆಂದು ಅವಸರ ಮಾಡಿದ. ತಿರುವಿನಲ್ಲಿ ಭಾವಮೈದುನ ಸಿದ್ರಾಯನ ಕುರಿಹಿಂಡು ರಸ್ತೆ ತುಂಬ ನಿಂತಿತ್ತು. ತುಳಿದ, ಮತ್ತೆ ತುಳಿದ. ಪೆಡಲು ಇಳಿಯಿತು, ಕಾರು ನಿಲ್ಲಲಿಲ್ಲ. ಮೂರು ಕುರಿ ಸತ್ತವು.

"ಇನ್ನ ಈ ಗಾಡ್ಯಾಗ ನಾ ಕೂಡಾಂಗಿಲ್ಲ" ಅಂದಳು ದುಂಡವ್ವ. ಕುರಿ ಕಳೆದುಕೊಂಡ ಸಿದ್ರಾಯನೇ ಸಿಟ್ಟು ಮರೆತು ಅಂದೇ ಸಂಜೆ ಬಂದು ಚಹಾ ಕುಡಿದು ಹೋದ. ಇವಳ ಸಿಟ್ಟು ಇಳಿಯಲಿಲ್ಲ. ಬ್ರೇಕಿಗೆ ಹೆದರಿದ್ದಾಳೆ ಎಂದುಕೊಂಡ ಮಾಯಪ್ಪ ಹೊಸ ಲೈನಿಂಗ್ ಹಾಕಿಸಿದ, ಡ್ರಮ್ಮಿನ ಒಳಮೈ ನಯ ಮಾಡಿಸಿದ, ಬಂದು ಹೇಳಿದ. "ಹೌದಾ?" ಎಂದು ರೊಟ್ಟಿ ತಟ್ಟುತ್ತಲೇ ಇದ್ದಳು.

ಈ ವರ್ಷ ಅವನಿಗೆ ಎಪ್ಪತ್ತಾಯಿತು. ದೀಪಾವಳಿಗೆ ಲೈಸೆನ್ಸ್ ಮುಗಿಯುತ್ತದೆ. ಕಣ್ಣು ನೋಡಿದ ಡಾಕ್ಟರು ಇನ್ನು ಸಾಕು ಅಂದಿದ್ದಾರೆ. ಅಷ್ಟರೊಳಗೆ ಒಂದೇ ಒಂದು ಸಲ ದುಂಡವ್ವ ಪಕ್ಕದಲ್ಲಿ ಕೂರಬೇಕು. ಅದಿಲ್ಲದೆ ಸ್ಟೇರಿಂಗ್ ಬಿಡುವುದಕ್ಕೆ ಅವನಿಗೆ ಮನಸ್ಸಿಲ್ಲ. ಕಾರು ತೆಗೆದುಕೊಂಡು ಸೀದಾ ಹತ್ತರಗಿಗೆ, ಹೈವೇ ಬಾಜೂಕ ಗ್ಯಾರೇಜ್ ಇಟ್ಟ ಯಲ್ಲಾರಿಯ ಹತ್ತಿರ ಹೋದ.

"ಡ್ರಮ್ ಕಿತ್ತು ಡಿಸ್ಕ್ ಹಾಕೋ."

"ಮಾಯಪ್ಪಣ್ಣಾ, ಈ ಮುದುಕಿಗೆ ಈಗ ಹಲ್ಲ ಕಟ್ಟಸ್ತೀಯೇನ?" ಎಂದು ಯಲ್ಲಾರಿ ನಕ್ಕ.

"ಕಟ್ಟೋ ಮಾರಾಯ. ನನ್ನ ಮುದುಕಿ ಹತ್ತಬೇಕಾಗೇತಿ."

ಯಲ್ಲಾರಿ ನಗು ನಿಲ್ಲಿಸಿದ. ಕೊನೆಕೊನೆಯ ಅಂಬಾಸಿಡರ್‌ಗಳಿಗೆ ಮುಂದಿನ ಗಾಲಿಗೆ ಡಿಸ್ಕ್ ಬರುತ್ತಿತ್ತು. ಗುಜರಿ ಸೇರಿದ ಅಂಥದೊಂದನ್ನು ಹುಡುಕಿ ಡಿಸ್ಕು, ಅದನ್ನು ಕಚ್ಚಿ ಹಿಡಿಯುವ ಕ್ಯಾಲಿಪರು, ತುಳಿತಕ್ಕೆ ಬಲ ಕೂಡಿಸುವ ಬೂಸ್ಟರು ಎಲ್ಲ ಬಿಚ್ಚಿ ತಂದ. ನಾಲ್ಕು ದಿನದ ಕೆಲಸ. ಹಳೇ ಡ್ರಮ್ಮು ಕಳಚಿ ನೆಲಕ್ಕಿಟ್ಟಾಗ ಮಾಯಪ್ಪ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಮೂವತ್ತೈದು ವರ್ಷ ಅವನ ಬಲಗಾಲಿಗೆ ಉತ್ತರ ಕೊಟ್ಟದ್ದು ಅದು. ಕಣ್ಣು ತುಂಬಿದ್ದನ್ನು ಮುಚ್ಚಿಡಲಿಲ್ಲ. ಕೊನೆಗೆ ಬ್ರೇಕ್ ಆಯಿಲ್ಲಿನ ಪೈಪಿನೊಳಗೆ ಸೇರಿದ ಗಾಳಿ ತೆಗೆಯಬೇಕಾಯಿತು. ಕೆಳಗೆ ಮಲಗಿದ ಯಲ್ಲಾರಿ "ಹೊಡಿ, ಹೊಡಿ, ಹಿಡಿ" ಅಂದಂತೆಲ್ಲ ಮಾಯಪ್ಪ ಪೆಡಲು ತುಳಿದ.

ತಿರುಗಿ ಬರುವಾಗ ಹಳೇ ಚಟ! ದೂರದಿಂದಲೇ ಎರಡೆರಡು ಸಲ ಬಲವಾಗಿ ತುಳಿಯುವುದು. ಕಾರು ಗಕ್ಕನೆ ನಿಂತಿತು, ಮೂಗು ಗಾಜಿಗೆ ತಾಗುವುದೊಂದು ಬಾಕಿ. ಹಿಂದಿದ್ದ ಕಬ್ಬಿನ ಟ್ರ್ಯಾಕ್ಟರಿನವನು "ಏ ಕಾಕಾ, ನಿದ್ದಿ ಹತ್ತೇತೇನು?" ಎಂದು ಬೈದ. ಬೈಗುಳವೂ ಆಶೀರ್ವಾದದ ಹಾಗೆ ಕೇಳಿಸಿತು ಮುದುಕನಿಗೆ.

ಮರುದಿನ ಸಂತೆ. ದುಂಡವ್ವ ಚೀಲ ಹಿಡಿದು ಬಸ್ಸಿಗೆ ನಿಂತಿದ್ದಳು. ಮಾಯಪ್ಪ ಅವಳ ಕಡೆಗೆ ಬಂದು ಬ್ರೇಕ್ ತುಳಿದ. ಕಾರು ಇಪ್ಪತ್ತು ಮಾರು ದೂರದಲ್ಲೇ ನಿಂತುಬಿಟ್ಟಿತು. ಇಳಿದು ನಡೆದುಕೊಂಡೇ ಹೋದ.

"ಭಾಗ್ಯಾನವ್ವಾ, ಹೊಸಾ ಬ್ರೇಕ್ ಹಾಕ್ಸೇನಿ. ನೀರಾಗ ಇಳದ್ರೂ ಹಿಡೀತೈತಿ. ಇನ್ನ ಅಂಜಬ್ಯಾಡ, ಬಾ."

ದುಂಡವ್ವ ಚೀಲವನ್ನು ಇನ್ನೊಂದು ಕೈಗೆ ಬದಲಿಸಿದಳು.

"ಬ್ರೇಕಿಗೆ ಯಾರ ಅಂಜ್ಯಾರ್ರಿ? ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದ್ರಂತ! ಆವತ್ತ ಕುರಿ ಬಿದ್ದು ಒದ್ದಾಡಾಕತ್ತಿದ್ವು. ಸಾಯೂ ಜೀವದ ಬಾಯಾಗ ಒಂದ ಗುಟುಕ ನೀರ ಬಿಡೂದು ನಮ್ಮ ಮಂದಿ ರೀತಿ. ನಾ ನೀರ ಹುಡುಕಾಕತ್ತಿದ್ದೆ. ನೀವ ಇಳದು ಏನ ಮಾಡಿದ್ರಿ? ಕಾರಿನ ಲೈಟ ಒಡದೈತೇನಂತ ಕೈಯಾಡಿಸಿ ನೋಡಿದ್ರಿ. ಕುರಿ ಕಡೆ ನೋಡ್ಲಿಲ್ಲ. ನನ್ನ ಹಣಿ ಗಾಜಿಗೆ ಬಡದು ರಕ್ತ ಸುರೀತಿತ್ತು, ನನ್ನ ಕಡೆನೂ ನೋಡ್ಲಿಲ್ಲ."

ಮಾಯಪ್ಪನಿಗೆ ಎಲ್ಲ ನೆನಪಾಯಿತು. ಖರೆ. ಮೊದಲು ಲೈಟನ್ನೇ ಮುಟ್ಟಿದ್ದ. ಬಸ್ಸಿಗೆ ನಿಂತ ಮಂದಿಯೆಲ್ಲ ನೋಡುತ್ತಿದ್ದರು. ಆದರೂ ಎಂದೂ ಹೆಸರು ಹಿಡಿದು ಕರೆಯದವನು ಅವಳ ಕೈ ಹಿಡಿದುಕೊಂಡ.

"ದುಂಡವ್ವಾ, ನಂದ ತಪ್ಪಾತು."

ದುಂಡವ್ವ ಕೈ ಬಿಡಿಸಿಕೊಳ್ಳಲಿಲ್ಲ.

"ಈ ಒಂದ ಮಾತಿಗೆ ಒಂಬತ್ತ ವರ್ಸ ಬಸ್ಸಿನಾಗ ನಿಂತೇನ್ರಿ ನಾ" ಎಂದಳು, ಸೆರಗಿನಿಂದ ಮುಖ ಒರೆಸಿಕೊಂಡಳು, ಚೀಲವನ್ನು ಅವನ ಕೈಗೆ ಕೊಟ್ಟು ಕಾರಿನ ಕಡೆ ನಡೆದಳು.