ದಿಲ್ಲಿ ತಲುಪುವವರೆಗೆ

ನನ್ನ ಗಂಡ ಮೊದಲ ಸಲ ವಿಮಾನ ಹತ್ತಿ ದಿಲ್ಲಿಗೆ ಹೋದದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಆಫೀಸಿನ ಕೆಲಸದ ಮೇಲೆ. ಮರುದಿನ ಸಾಯಂಕಾಲವೇ ಟಿ. ನಗರದ ಒಂದು ಕನ್ನಡದ ಮನೆಯವರು ಅಣ್ಣಾ ನಗರದ ನಮ್ಮ ಮನೆಗೆ ನಾದಿನಿಯನ್ನು ನೋಡಲು ಬರುವವರಿದ್ದರು. ಹುಡುಗನನ್ನು ಅವಳು ಮೆಚ್ಚಿಯಾಗಿತ್ತು. ಅವನ ತಾಯಿ ಒಪ್ಪಬೇಕಿತ್ತು, ಅಷ್ಟೆ. ಆ ಹೆಂಗಸಿಗೆ ಮನೆ ಕನ್ನಡಿಯ ಹಾಗಿರಬೇಕಂತೆ.

ನಮ್ಮ ಅತ್ತೆಯದೊಂದು ಕಟ್ಟಳೆ. ಮನೆಯಿಂದ ಹೊರಟವರು ಊರು ತಲುಪುವವರೆಗೆ ಮನೆ ಗುಡಿಸಕೂಡದು. ನನಗೇನೂ ಚಿಂತೆ ಇರಲಿಲ್ಲ. ದಿಲ್ಲಿಗೆ ರೈಲಾದರೆ ಎರಡು ರಾತ್ರಿ. ವಿಮಾನಕ್ಕೆ ಮೂರು ಗಂಟೆಯೂ ಬೇಡ. ಬೆಳಗ್ಗೆ ಹೊರಟವರು ಮಧ್ಯಾಹ್ನ ಫೋನ್ ಮಾಡಿ, ತಲುಪಿದೆ ಎಂದರು. ಅತ್ತೆಯ ಕೈಗೂ ರಿಸೀವರ್ ಕೊಟ್ಟೆ. ಮಾತಾಡಿ ಕೆಳಗಿಟ್ಟವರು ನನ್ನನ್ನೇ ದುರುಗುಟ್ಟಿ ನೋಡಿದರು.

"ದಿಲ್ಲಿ ಫೋನ್ ಅಂದ್ರೆ ಗಂಟಲು ಹರ್ಕೊಂಡು ಕೂಗ್ಬೇಕು. ಇವನು ಪಕ್ಕದ ರೂಮಲ್ಲಿರೋ ಹಾಗೆ ಮಾತಾಡ್ತಾನೆ. ಊರಂಚಿನ ಪಲ್ಲಾವರಂ ಆದ್ರೂ ದಾಟಿದಾನೋ ಇಲ್ವೋ!"

"ಅಮ್ಮಾ, ಅದು ಪ್ಲೇನ್ ಅಮ್ಮಾ," ಎಂದಳು ನಾದಿನಿ.

"ಆದ್ರೇನು? ದೂರ ಅಷ್ಟೇ ಇದೆ ತಾನೆ? ದಿಲ್ಲಿ ಏನು ಈ ಕಡೆ ಸರಿದು ಬಂತಾ? ಇಬ್ರೂ ಸೇರಿ ನನ್ನ ಕಿವಿ ಮೇಲೆ ಹೂ ಇಡ್ಬೇಡಿ."

ರೈಲಿನ ಲೆಕ್ಕದಲ್ಲಿ ನನ್ನ ಗಂಡ ತಲುಪುವುದು ನಾಡಿದ್ದು. ಅಲ್ಲಿಯವರೆಗೆ ಪೊರಕೆ ಮುಟ್ಟುವ ಹಾಗಿಲ್ಲ! ಈಗ ನನಗೂ ಅನುಮಾನ ಶುರುವಾಯಿತು, ಅತ್ತೆಯ ಮೇಲೆ. ಹುಡುಗನ ಮನೆಯವರನ್ನು ಕಂಡರೆ ಅವರಿಗೆ ಮೊದಲಿಂದಲೂ ಅಷ್ಟಕ್ಕಷ್ಟೆ. ಇದು ಸಂಬಂಧ ತಪ್ಪಿಸಲು ಹೂಡಿದ ಆಟವೇ ಸರಿ ಅಂದುಕೊಂಡೆ. ಮೈಯೆಲ್ಲ ಉರಿದುಹೋಯಿತು.

ಮರುದಿನ ಮಧ್ಯಾಹ್ನದ ಹೊತ್ತಿಗೆ ನೆಲದ ಮೇಲೆ ಕೊತ್ತಂಬರಿ ಕಡ್ಡಿ, ತಲೆಗೂದಲು, ಬಾಡಿದ ಮಲ್ಲಿಗೆ. ಅತ್ತೆ ಮಲಗಿದ್ದರು. ಆದದ್ದಾಗಲಿ ಎಂದು ಸದ್ದಿಲ್ಲದೆ ಪೊರಕೆ ಹಿಡಿದೆ. ಒಂದು ಸಲವೂ ಎಳೆದಿರಲಿಲ್ಲ, ಅತ್ತೆ ಎದ್ದು ಬಂದು ಮಣಿಕಟ್ಟು ಹಿಡಿದುಕೊಂಡರು.

"ಬೇಡ ಕಣೇ. ನಿಮ್ಮ ಮಾವ ಹೋದಾಗ, ಇಷ್ಟು ಹೊತ್ತಿಗೆ ತಲುಪಿರ್ತಾರೆ ಅಂತ ಗುಡಿಸ್ಬಿಟ್ಟೆ. ರೈಲು ಇನ್ನೂ ದಾರೀಲೇ ಇತ್ತು."

ಮಾವ ದಿಲ್ಲಿಯ ರೈಲಿನಲ್ಲೇ ಎದೆನೋವು ಬಂದು ತೀರಿಕೊಂಡದ್ದು ನನಗೆ ಗೊತ್ತಿತ್ತು. ಪೊರಕೆಯ ಸಂಗತಿ ಮಗಳಿಗೂ ಗೊತ್ತಿರಲಿಲ್ಲ. ಕೇಳುತ್ತ ನಿಂತಿದ್ದ ನಾದಿನಿ ನನ್ನ ಕೈಯಿಂದ ಪೊರಕೆ ತೆಗೆದುಕೊಂಡು ಹೋಗಿ ಬಾಗಿಲ ಹಿಂದೆ ಇಟ್ಟಳು.

ಸಾಯಂಕಾಲ ಹುಡುಗನ ಮನೆಯವರು ಬಂದರು. ಹುಡುಗನ ತಾಯಿ ಸೀರೆಯ ಅಂಚನ್ನು ಒಂದಿಷ್ಟು ಮೇಲೆತ್ತಿಕೊಂಡು ನೆಲ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಅಷ್ಟರಲ್ಲಾಗಲೇ ನನ್ನ ಗಂಡ ದಿಲ್ಲಿಯಿಂದ ಮತ್ತೊಂದು ಸಲ ಫೋನ್ ಮಾಡಿ, ಅಲ್ಲಿನ ಚಳಿಯನ್ನು ಬಾಯ್ತುಂಬ ಬೈದಿದ್ದರು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಉಸಿರು ಹಿಡಿದು ನಿಂತಿದ್ದರು.

"ನಮ್ಮ ಮನೆಯವರು ದಿಲ್ಲಿಗೆ ಹೊರಟಿದಾರೆ," ಎಂದೆ. "ಇನ್ನೂ ತಲುಪಿಲ್ಲ."