ಪೂಜೆಯಾದ ಟ್ಯಾಬ್ಲೆಟ್

ನೀವು ಕೊಂಡ ಟ್ಯಾಬ್ಲೆಟ್ಟಿನಲ್ಲೋ ಲ್ಯಾಪ್‌ಟಾಪಿನಲ್ಲೋ ನಿಮ್ಮ ಮನೆಯ ಹಿರಿಯರೊಬ್ಬರು ಒಂದು ಪುಟ ಕನ್ನಡ ಓದಬಲ್ಲರೇ ಎಂದು, ಅಂಗಡಿಯಲ್ಲಿ ನಿಂತಿದ್ದಾಗಲೇ, ಎಂದಾದರೂ ಪರೀಕ್ಷಿಸಿದ್ದೀರಾ? ಕ್ಯಾಮೆರಾ ಹೇಗಿದೆ ಎಂದು ನೋಡಿರುತ್ತೀರಿ. ಕೈಯಲ್ಲಿ ಎತ್ತಿ ತೂಕ ನೋಡಿರುತ್ತೀರಿ. ಬಣ್ಣದ ಬಗ್ಗೆ ಮನೆಮಂದಿಯೆಲ್ಲ ಸೇರಿ ವಾದಿಸಿರುತ್ತೀರಿ. ಓದಿ ನೋಡಿದ್ದೀರಾ?

ನಾನು ಕೇಳುತ್ತಿರುವುದು ಸಿಟ್ಟಿನಿಂದಲೇ. ಈ ಸಿಟ್ಟು ಹೆಬ್ಬಾಳದಿಂದ ವಿಮಾನ ನಿಲ್ದಾಣದ ಕಡೆಗೆ ಎತ್ತರದ ರಸ್ತೆ ಕಟ್ಟುತ್ತಿದ್ದ ಕಾಲದ್ದು. ಟ್ಯಾಬ್ಲೆಟ್ ಎಂಬ ವಸ್ತು ಆಗಷ್ಟೇ ನಮ್ಮ ಕಡೆಯ ಅಂಗಡಿಗಳ ಗಾಜಿನ ಕಪಾಟಿಗೆ ಬಂದಿತ್ತು. ನಾನು ಕಾಲೇಜು ಮುಗಿಸಿ ಯಲಹಂಕದಲ್ಲಿ ಕೆಲಸಕ್ಕೆ ಸೇರಿದ್ದೆ. ಕಾಲೇಜಿನ ಚರ್ಚಾ ತಂಡದಲ್ಲಿ ಕಲಿತದ್ದು ಇಷ್ಟು: ಎದುರಾಳಿ ಯಾವುದನ್ನು ಪ್ರಶ್ನೆಯೇ ಅಲ್ಲವೆಂದು ತಳ್ಳಿಹಾಕುತ್ತಾನೋ, ನಿಜವಾದ ಪ್ರಶ್ನೆ ಅಲ್ಲಿಯೇ ಇರುತ್ತದೆ. ಆ ಪಾಠ ವೇದಿಕೆಗಿಂತ ಅಂಗಡಿಗಳಲ್ಲಿ ನನಗೆ ಹೆಚ್ಚು ಬೇಕಾಯಿತು.

ಹುಣಸಮಾರನಹಳ್ಳಿಯಲ್ಲಿ ನನ್ನ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಮಗನೊಂದಿಗೆ ಇದ್ದರು. ಏಳನೇ ತರಗತಿಗೆ ಶಾಲೆ ಬಿಡಿಸಿದ್ದರೂ, ಮದುವೆಯಾಗಿ ಬಂದ ದಿನದಿಂದ ಅವರು ಪತ್ರಿಕೆ ಬಿಟ್ಟವರಲ್ಲ. ಮಾತು ಊರಿನದೇ, ಆದರೆ ಓದಲು ಕುಳಿತರೆ ದನಿ ಬೇರೆಯಾಗುತ್ತಿತ್ತು. ಹಕಾರ, ಒತ್ತಕ್ಷರ, ಮಹಾಪ್ರಾಣ ಯಾವುದೂ ತಪ್ಪದಂತೆ, ಇನ್‌ಸ್ಪೆಕ್ಟರು ತರಗತಿಗೆ ಬಂದಿದ್ದಾರೆ ಎನ್ನುವ ಹಾಗೆ ಗಟ್ಟಿಯಾಗಿ ಓದುತ್ತಿದ್ದರು. ಅಕ್ಕಪಕ್ಕದ ಹೆಂಗಸರು ಅವರೆಕಾಯಿ ಸುಲಿಯುತ್ತ ಅದನ್ನು ಕೇಳುವುದು ಆ ಬೀದಿಯ ರೂಢಿಯಾಗಿತ್ತು.

ಆ ಕಣ್ಣುಗಳ ನಡುನೋಟ ಮಸುಕಾಗತೊಡಗಿತು. ಇದು ಶಸ್ತ್ರಚಿಕಿತ್ಸೆಗೆ ಬಗ್ಗುವಂಥದ್ದಲ್ಲ, ಅಕ್ಷರ ದೊಡ್ಡದಾಗಿದ್ದರೆ ಓದಬಹುದು ಎಂದು ವೈದ್ಯರು ಹೇಳಿದರು. ಭೂತಗನ್ನಡಿ ತಂದೆವು. ಅದು ಒಂದು ಪದವನ್ನು ತೋರಿಸಿ ಮುಂದಿನದನ್ನು ನುಂಗುತ್ತಿತ್ತು. ಆಮೇಲೆ ಪತ್ರಿಕೆ ಓದಿ ಹೇಳುವ ಹೊಣೆ ಮಗನ ಪಾಲಿಗೆ ಬಂತು.

ನನ್ನ ಈ ಅಣ್ಣ ಹೊಲವಿದ್ದಲ್ಲಿ ಲೇಔಟ್ ಮಾಡಿ, ಲೇಔಟ್ ಮಾಡಿದಲ್ಲಿ ಅಪಾರ್ಟ್‌ಮೆಂಟ್ ಎಬ್ಬಿಸುವವನು. ಶೂಸಿನ ದಾರ ಕಟ್ಟುತ್ತಲೇ ತಲೆಬರಹಗಳನ್ನು ಒದರಿ ಹೊರಟುಬಿಡುತ್ತಿದ್ದ. ಅದಾದರೂ ಸಹಿಸಬಹುದಿತ್ತು. ನಮ್ಮ ಕಡೆಯ ಕೆರೆಗಳ ಒತ್ತುವರಿಯ ವಿಷಯ ಆಗ ಮತ್ತೆ ಮತ್ತೆ ಸುದ್ದಿಯಾಗುತ್ತಿತ್ತು. ಅಂಥ ಸುದ್ದಿ ಬಂದ ದಿನ ಅಣ್ಣನ ಪ್ರಕಾರ ಪತ್ರಿಕೆಯಲ್ಲಿ ಏನೂ ಇರುತ್ತಿರಲಿಲ್ಲ.

“ಏನೂ ಇಲ್ಲ ಕಣಮ್ಮ ಇವತ್ತು. ಬರೀ ಅಡ್ವರ್ಟೈಸ್‌ಮೆಂಟು.”

“ಮೊನ್ನೇನೂ ಇಂಗೇ ಅಂದೆ. ಪೇಪರ್‌ನೋರು ಬಿಳೀ ಹಾಳೆ ಮಾರ್ತಾವ್ರಾ?”

ದೊಡ್ಡಮ್ಮ ನನ್ನನ್ನು ಕರೆಸಿ ಹೇಳಿದ್ದು ಒಂದೇ ಮಾತು. “ಇನ್ನೊಬ್ರ ಬಾಯಲ್ಲಿ ನನ್ಗೆ ಪೇಪರ್ ಬ್ಯಾಡ ಕಣವ್ವ. ನಾನೇ ಓದೋ ಅಂಗೆ ಏನಾನ ಮಾಡು.”

ಹೀಗಾಗಿ ಯಂತ್ರವೊಂದನ್ನು ಆರಿಸಬೇಕಾಯಿತು. ಮಡಿಲಲ್ಲಿಟ್ಟುಕೊಳ್ಳುವಷ್ಟು ಹಗುರವಾಗಿರಬೇಕು, ಅಕ್ಷರವನ್ನು ಹೆಬ್ಬೆರಳಿನಷ್ಟು ಹಿಗ್ಗಿಸಿದರೂ ಸಾಲು ತಾನಾಗಿ ಮಡಚಿಕೊಂಡು ಪರದೆಯೊಳಗೇ ನಿಲ್ಲಬೇಕು. ಪತ್ರಿಕೆಯ ಪುಟವನ್ನು ಚಿತ್ರವಾಗಿ ತೋರಿಸುವ ಏರ್ಪಾಟು ಆಗಲೂ ಇತ್ತು, ಆದರೆ ಅದನ್ನು ಹಿಗ್ಗಿಸಿದರೆ ಪ್ರತಿ ಸಾಲಿಗೂ ಪುಟವನ್ನು ಎಡಕ್ಕೆ ಬಲಕ್ಕೆ ಎಳೆಯುತ್ತ ಕೂರಬೇಕು. ಪತ್ರಿಕೆಯ ವೆಬ್‌ಸೈಟಿನ ಬರಹವೇ ಸರಿ ಎಂದು ತೀರ್ಮಾನಿಸಿದೆ. ಇಷ್ಟನ್ನು ಅಣ್ಣನಿಗೆ ವಿವರಿಸಿ, ಕೊಳ್ಳುವ ಮುನ್ನ ಕನ್ನಡದ ಪುಟವೊಂದನ್ನು ತೆಗೆದು ನೋಡಲೇಬೇಕೆಂದು ಹೇಳಿದೆ.

ಅವನು ನನ್ನನ್ನು ಬಿಟ್ಟು ಆರ್.ಟಿ. ನಗರಕ್ಕೆ ಹೋಗಿ ಕೊಂಡು ತಂದ. ಅಂಗಡಿ ಅವನ ಗೆಳೆಯನದು. ಪೆಟ್ಟಿಗೆಯ ಸೀಲು ಕೂಡ ಒಡೆದಿರಲಿಲ್ಲ.

“ತೆಗೆದು ನೋಡಿದೆಯಾ ಅಣ್ಣ?”

“ನಮ್ ಹುಡ್ಗನ್ ಅಂಗ್ಡಿ ಕಣಮ್ಮ. ಅಲ್ಲಿ ಹೋಗಿ ಬಿಚ್ಚು, ತೋರ್ಸು ಅಂದ್ರೆ ಅವ್ನ್ ಮರ್ಯಾದೆ ಏನಾಗ್ಬೇಕು?”

ನಮ್ಮವರಿಗೆ ಅಂಟಿರುವ ರೋಗ ಇದು. ಅಪರಿಚಿತನ ಅಂಗಡಿಯಲ್ಲಿ ಬದನೆಕಾಯಿಯನ್ನೂ ತಿರುಗಿಸಿ ಮುರುಗಿಸಿ ನೋಡುತ್ತೇವೆ. ಪರಿಚಯದವನ ಅಂಗಡಿಯಲ್ಲಿ ಕಣ್ಣು ಮುಚ್ಚಿ ಕೈ ಚಾಚುತ್ತೇವೆ. ಪರೀಕ್ಷಿಸಿದರೆ ಅವಮಾನ ಮಾಡಿದಂತೆ ಎಂದು ನಂಬಿದ್ದೇವೆ. ಗೆಳೆತನ ಉಳಿಯುತ್ತದೆ, ವಸ್ತು ಕೆಡುತ್ತದೆ, ಕೆಟ್ಟ ವಸ್ತುವನ್ನು ಬಳಸುವ ಪಾಡು ಆ ಗೆಳೆತನದಲ್ಲಿ ಯಾವ ಪಾಲೂ ಇಲ್ಲದ ಮನೆಯ ಹೆಂಗಸಿನದು.

ಅಷ್ಟಕ್ಕೇ ಮುಗಿಯಲಿಲ್ಲ. ಆಯುಧಪೂಜೆ ಹತ್ತಿರವಿದ್ದುದರಿಂದ ಪೂಜೆಗೆ ಮುಂಚೆ ಪೆಟ್ಟಿಗೆ ತೆರೆಯಕೂಡದೆಂದು ಅತ್ತಿಗೆಯೂ ಅಣ್ಣನೂ ನಿಶ್ಚಯಿಸಿದರು. ದೊಡ್ಡಮ್ಮ ಓದಲು ಕಾಯುತ್ತಿದ್ದರು. ಟ್ಯಾಬ್ಲೆಟ್ಟು ದೇವರ ಕೋಣೆಯಲ್ಲಿ ಕಾಯುತ್ತಿತ್ತು. ಹಬ್ಬದ ದಿನ ಜೆಸಿಬಿ, ಎರಡು ಕಾರು, ಮಿಕ್ಸಿ, ಇವುಗಳ ಜೊತೆಗೆ ಅದನ್ನೂ ಹೊರಗೆ ತೆಗೆದಿಟ್ಟು, ಗಾಜಿನ ಮೇಲೆ ಅರಿಶಿನ ಕುಂಕುಮ ಹಚ್ಚಿ, ನೆತ್ತಿಗೆ ಸೇವಂತಿಗೆ ಏರಿಸಿದರು. ಬೂದುಗುಂಬಳಕಾಯಿ ಒಡೆದ ಮೇಲೆಯೇ ಅದು ದೊಡ್ಡಮ್ಮನ ಕೈಗೆ ಬಂತು. ನಾನು ಗಾಜನ್ನು ಒರೆಸಿ, ನೆಟ್ ಕೊಟ್ಟು, ಅವರು ಓದುತ್ತಿದ್ದ ಪತ್ರಿಕೆಯ ಪುಟವನ್ನು ತೆರೆದೆ.

ಪರದೆಯ ತುಂಬ ಖಾಲಿ ಚೌಕಗಳು ಸಾಲುಗಟ್ಟಿ ನಿಂತಿದ್ದವು. ಆ ಯಂತ್ರದೊಳಗೆ ಕನ್ನಡದ ಒಂದು ಅಕ್ಷರವನ್ನೂ ಯಾರೂ ಇಟ್ಟಿರಲಿಲ್ಲ.

ದೊಡ್ಡಮ್ಮ ಅದನ್ನು ಕಣ್ಣಿನ ಹತ್ತಿರ ಹಿಡಿದು, ಓರೆಯಾಗಿಸಿ, ದೂರ ಹಿಡಿದು ನೋಡಿದರು. ಆಮೇಲೆ ಮಗನ ಕಡೆ ತಿರುಗಿದರು. “ಏನ್ಲಾ ಇದು, ನಿನ್ ಲೇಔಟ್ ಪ್ಲಾನ್ ತಂದಿದೀಯ? ಬರೀ ಸೈಟೇ ಕಾಣ್ತಾವೆ.”

ಪೂಜೆಗೆ ಬಂದಿದ್ದ ಬೀದಿಯ ಹೆಂಗಸರು ನಕ್ಕರು. ಅಣ್ಣನ ಮುಖ ಸಪ್ಪಗಾಯಿತು. ದೊಡ್ಡಮ್ಮ ಮಾತ್ರ ನಗಲಿಲ್ಲ. ಟ್ಯಾಬ್ಲೆಟ್ಟನ್ನು ಮಗುಚಿಹಾಕಿ ಒಳಗೆ ಹೋದರು.

ಮರುದಿನವೇ ನಾನು ಅಣ್ಣನನ್ನು ಎಳೆದುಕೊಂಡು ಆರ್.ಟಿ. ನಗರಕ್ಕೆ ಹೋದೆ. ಗೆಳೆಯ ಮಹಾಶಯ ಟ್ಯಾಬ್ಲೆಟ್ಟನ್ನು ಬೆಳಕಿಗೆ ಹಿಡಿದು, ಸ್ಪೀಕರಿನ ಸಣ್ಣ ತೂತುಗಳನ್ನು ಉಗುರಿನಿಂದ ಕೆರೆದ.

“ಗುರು, ಪೂಜೆ ಆಗಿರೋ ಪೀಸ್ ತಂದಿದೀಯಲ್ಲ. ಕುಂಕುಮ ಒಳಗೋಗಿದೆ. ಕಂಪ್ನಿಯೋರು ವಾಪಸ್ ತಗೊಳ್ಳಲ್ಲ.”

“ಇದರಲ್ಲಿ ಕನ್ನಡ ಕಾಣಿಸುವುದೇ ಇಲ್ಲ. ಮಾರುವ ಮುನ್ನ ಹೇಳಬೇಕಿತ್ತಲ್ಲವೇ?” ಎಂದೆ.

“ಕನ್ನಡ ಬೇಕು ಅಂತ ಯಾರೂ ಕೇಳಿರ್ಲಿಲ್ವಲ್ಲ ಮೇಡಂ. ಇಷ್ಟು ಪೀಸ್ ಹೋಗಿದೆ, ಒಬ್ರೂ ಕಂಪ್ಲೇಂಟ್ ಮಾಡಿಲ್ಲ. ಆಂಟಿಗೆ ಒಂದೆರಡು ಗೇಮ್ ಹಾಕ್ಕೊಡ್ತೀನಿ ಬಿಡಿ, ಟೈಂಪಾಸ್ ಆಗುತ್ತೆ.”

“ಅವರಿಗೆ ಹೊತ್ತು ಹೋಗದೆ ಬೇಸರವಾಗಿದೆ ಎಂದು ನಿಮಗೆ ಹೇಳಿದವರು ಯಾರು? ನೀವು ಮಾರಿದ್ದು ಓದಲು ಬಾರದ ಯಂತ್ರ. ಅಂಗಡಿಯ ಹಲಗೆ ಕನ್ನಡದಲ್ಲಿದೆ, ನೀವು ಬೈಯುವುದೂ ಕನ್ನಡದಲ್ಲಿ, ಮಾರುವ ವಸ್ತುವಿಗೆ ಮಾತ್ರ ಕನ್ನಡ ಬೇಡವೇ?”

ಅವನು ಅಣ್ಣನ ಕಡೆ ನೋಡಿ, “ಏನ್ ಮಚ್ಚಾ, ತಂಗಿ ಲಾಯರ್ರಾ?” ಎಂದ. ಅಣ್ಣ ನಕ್ಕುಬಿಟ್ಟ. ಅವನ ತಾಯಿಯ ಓದು ಆ ಅಂಗಡಿಯ ಮೇಜಿನ ಮೇಲೆ ಬಿದ್ದಿತ್ತು, ಇವನಿಗೆ ನಗು ಬಂದಿತ್ತು. ಆ ನಗುವನ್ನು ನಾನು ಇನ್ನೂ ಕ್ಷಮಿಸಿಲ್ಲ.

ಆಮೇಲೆ ಒಬ್ಬಳೇ ಹುಡುಕಲು ಹೊರಟೆ. ಹೆಬ್ಬಾಳದ ಕಡೆಯ ದೊಡ್ಡ ಮಳಿಗೆಯೊಂದರಲ್ಲಿ, ಪ್ರತಿ ಟ್ಯಾಬ್ಲೆಟ್ಟಿನಲ್ಲೂ ನೀಲಿ ಸಮುದ್ರ, ಓಡುವ ಕಾರು. ಕನ್ನಡದ ಪುಟ ತೆಗೆಯಿರಿ ಎಂದರೆ, ಪ್ರದರ್ಶನಕ್ಕಿಟ್ಟವುಗಳಿಗೆ ನೆಟ್ ಇಲ್ಲ ಎಂದರು. ನನ್ನ ಫೋನಿನಿಂದ ಕೊಡುತ್ತೇನೆ ಎಂದರೆ, ಮ್ಯಾನೇಜರನ್ನು ಕೇಳಬೇಕು ಎಂದರು. ಮ್ಯಾನೇಜರು ಬಂದು, ತೆಗೆದು, ಚೌಕಗಳನ್ನು ಕಂಡು, “ವೈರಸ್ ಇರಬೇಕು” ಎಂದರು. ನಮ್ಮ ನುಡಿಗೆ ಅಂಗಡಿಯೊಳಗೆ ನಿಂತು ಇಟ್ಟ ಹೆಸರು ಅದು.

ಯಶವಂತಪುರದ ಅಂಗಡಿಯೊಂದರಲ್ಲಿ ಸ್ವಲ್ಪ ಹೊಸದೊಂದಿತ್ತು. ಅದರಲ್ಲಿ ಚೌಕಗಳಿರಲಿಲ್ಲ; ಅಕ್ಷರಗಳೇ ಇದ್ದವು, ಆದರೆ ಒತ್ತುಗಳೆಲ್ಲ ಬುಡದಿಂದ ಕಿತ್ತು ಬಂದು ಪಕ್ಕದಲ್ಲಿ ಬಿದ್ದಿದ್ದವು. ಮಾರುವವನು ಹೆಮ್ಮೆಯಿಂದ, “ನೋಡಿ ಮೇಡಂ, ಲೋಕಲ್ ಲ್ಯಾಂಗ್ವೇಜೂ ಬರುತ್ತೆ” ಎಂದ. ಒಂದು ಸಾಲು ಓದಿ ತೋರಿಸಲು ಹೇಳಿದೆ. ತಡವರಿಸಿ, “ನಾನ್ ಇಂಗ್ಲಿಷ್ ಮೀಡಿಯಂ” ಎಂದು ಜಾರಿಕೊಂಡ. ಓದಲಾರದವನು ಓದಲಾಗದ್ದನ್ನು ಮಾರುತ್ತಿದ್ದ. ಕೊಳ್ಳುವ ನಾವು, ಇಷ್ಟಾದರೂ ಬಂತಲ್ಲ ಎಂದು ಹಿಗ್ಗುತ್ತೇವೆಂಬ ಭರವಸೆ ಅವನಿಗಿತ್ತು. ಆ ಭರವಸೆಯನ್ನು ಅವನಿಗೆ ಕೊಟ್ಟವರು ನಾವೇ. ಕೇಳದವರಿಗೆ ಯಾರೂ ಏನನ್ನೂ ಮಾಡಿಕೊಡುವುದಿಲ್ಲ. ಕೇಳಿದವಳನ್ನು ಲಾಯರೇ ಎಂದು ಅಣಕಿಸುತ್ತಾರೆ.

ಲ್ಯಾಪ್‌ಟಾಪುಗಳಲ್ಲಿ ಕನ್ನಡ ಸರಿಯಾಗಿ ಮೂಡುತ್ತಿತ್ತು. ಆದರೆ ಅಂಗಡಿಗಳವರು ತೋರಿಸುತ್ತಿದ್ದವು ದೊಡ್ಡಮ್ಮನ ಮಡಿಲಿಗೆ ಭಾರ, ಒಂದು ಗಂಟೆಯಲ್ಲಿ ತೊಡೆ ಕಾಯಿಸುವಂಥವು. ಕೊನೆಗೆ ಯಲಹಂಕದ ಅಂಗಡಿಯೊಂದರಲ್ಲಿ, ಕಪಾಟಿನ ಕೆಳಗಿನ ಅರೆಯಲ್ಲಿ, ಶಾಲೆಯ ಸ್ಲೇಟಿಗಿಂತ ಸ್ವಲ್ಪ ದೊಡ್ಡದಾದ ಪುಟ್ಟ ಲ್ಯಾಪ್‌ಟಾಪೊಂದು ಧೂಳು ಹಿಡಿದು ಕೂತಿತ್ತು. “ಅದು ಓಲ್ಡ್ ಸ್ಟಾಕ್ ಮೇಡಂ, ಸ್ಲೋ. ಟ್ಯಾಬ್ ಬಂದ್ಮೇಲೆ ಯಾರೂ ಕೇಳಲ್ಲ,” ಎಂದ ಮಾಲೀಕ. ತೆಗೆಸಿದೆ. ನಿಧಾನವಾಗಿತ್ತು, ನಿಜ. ಆದರೆ ಎರಡು ಕೀಲಿ ಒತ್ತಿದೊಡನೆ ಅಕ್ಷರ ಬೆಳೆಯುತ್ತಿತ್ತು, ಸಾಲು ಮಡಚಿಕೊಳ್ಳುತ್ತಿತ್ತು, ಒತ್ತಕ್ಷರ ತನ್ನ ತಾಯಿಯ ಕಾಲಬುಡದಲ್ಲೇ ಇರುತ್ತಿತ್ತು. “ಇದನ್ನು ತೆಗೆದಿಡಿ. ಓದುವವರು ಬಂದು ಓದಿ ನೋಡಿದ ಮೇಲೆಯೇ ಕೊಳ್ಳುತ್ತೇನೆ” ಎಂದೆ. ಅವನು ಇಂಥ ಮಾತನ್ನು ಕೇಳಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು.

ಭಾನುವಾರ ಅಣ್ಣ ಕಾರಿನಲ್ಲಿ ತಾಯಿಯನ್ನು ಕರೆತಂದ. ಕರೆತಂದ ಎನ್ನುವುದಕ್ಕಿಂತ ದೊಡ್ಡಮ್ಮ ಅವನನ್ನು ಹೊರಡಿಸಿದರು ಎನ್ನುವುದು ಸರಿ. ಅಂಗಡಿಯ ಸ್ಟೂಲಿನ ಮೇಲೆ ಕುಳಿತು, ಯಂತ್ರವನ್ನು ಮಡಿಲಲ್ಲಿಟ್ಟುಕೊಂಡು, ಸೆರಗಿನಿಂದ ಪರದೆಯ ಧೂಳನ್ನು ತಾವೇ ಒರೆಸಿದರು. ಪತ್ರಿಕೆಯ ಪುಟ ತೆರೆದು, ಅಕ್ಷರ ಹಿಗ್ಗಿಸಿಕೊಟ್ಟೆ. ಇನ್ನೂ, ಇನ್ನೂ ಎಂದರು. ಪರದೆಯಲ್ಲಿ ಮೂರೇ ಸಾಲು ಉಳಿಯುವವರೆಗೆ ಹಿಗ್ಗಿಸಿದೆ. ಯಾವ ಸುದ್ದಿ ಬೇಕೆಂದು ಕೇಳಿದೆ.

“ಕೆರೇದು ಐತಾ ನೋಡು.”

ಇತ್ತು. ಅವರು ತಲೆಯನ್ನು ಸ್ವಲ್ಪ ಓರೆ ಮಾಡಿ, ನೋಟ ಸಿಗುವ ಕೋನ ಹಿಡಿದು, ತಮ್ಮ ಶಾಲೆಯ ದನಿಯಲ್ಲಿ ಓದತೊಡಗಿದರು. ಒತ್ತುವರಿದಾರರು ರಾಜಕಾಲುವೆಯನ್ನು ಮುಚ್ಚಿರುವುದಾಗಿ, ಕೆರೆಯಂಗಳದಲ್ಲಿ ಮಣ್ಣು ಸುರಿದಿರುವುದಾಗಿ ಗ್ರಾಮಸ್ಥರು ಆರೋಪಿಸಿದ್ದಾರೆ, ಎಂದು ಪ್ರತಿ ಅಕ್ಷರವನ್ನೂ ಬಿಡಿಸಿ ಓದಿದರು. ಮೊದಲು ತಡೆದು, ಮತ್ತೆ ಹಿಡಿತ ಸಿಕ್ಕಿ, ಎರಡನೆಯ ಪ್ಯಾರಾದ ಹೊತ್ತಿಗೆ ಅಂಗಡಿಯ ಹೊರಗಿನ ಮೆಟ್ಟಿಲಿಗೂ ಕೇಳುವಷ್ಟು ಗಟ್ಟಿಯಾಗಿ. ಮೊಬೈಲಿಗೆ ಕವರ್ ಹಾಕಿಸಲು ಬಂದಿದ್ದವರು ಸುಮ್ಮನೆ ನಿಂತು ಕೇಳುತ್ತಿದ್ದರು.

ಅಣ್ಣ ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸಿದ. “ಆಯ್ತಲ್ಲಮ್ಮ, ಕಾಣುತ್ತೆ. ಪ್ಯಾಕ್ ಮಾಡ್ಸೋಣ, ನಡಿ.”

“ಇನ್ನಾ ಅರ್ಧ ಐತೆ. ಕೂತ್ಕೊ.”

“ಪೇಪರ್‌ನೋರು ಏನೇನೋ ಬರೀತಾರಮ್ಮ.”

“ಬರೀಲಿ ಬಿಡು. ಓದಕ್ಕೆ ನಾನಿವ್ನಿ.”

ಅಣ್ಣ ಕೂತ. ದೊಡ್ಡಮ್ಮ ಕೊನೆಯ ಸಾಲಿನವರೆಗೂ ಓದಿ, ಯಂತ್ರವನ್ನು ಮುಚ್ಚಿ, ಮಾಲೀಕನಿಗೆ “ಇದ್ನೇ ಕೊಡಪ್ಪ” ಎಂದರು. ಮರುದಿನದಿಂದ ಆ ಮನೆಯಲ್ಲಿ ಪತ್ರಿಕೆಯಲ್ಲಿ ಏನೂ ಇಲ್ಲವೆಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಪೂಜೆಯಾದ ಟ್ಯಾಬ್ಲೆಟ್ಟು ಅಣ್ಣನ ಸೈಟ್ ಆಫೀಸಿಗೆ ಹೋಯಿತು. ಕಟ್ಟಿರದ ಫ್ಲ್ಯಾಟುಗಳ ಚಿತ್ರಗಳನ್ನು ಗಿರಾಕಿಗಳಿಗೆ ತೋರಿಸಲು ಅದು ಒಪ್ಪುತ್ತಿತ್ತಂತೆ. ಅಂಚಿನಲ್ಲಿ ಅರಿಶಿನ ಹಾಗೇ ಉಳಿದಿತ್ತು.

ಈಗಿನ ಯಂತ್ರಗಳಲ್ಲಿ ಕನ್ನಡ ಮೂಡುತ್ತದೆ, ಇನ್ನು ಯಾಕೆ ಈ ಜಗಳ ಎಂದು ಕೆಲವರು ಕೇಳುತ್ತಾರೆ. ಮೂಡುತ್ತದೆ ಎಂದು ನಿಮಗೆ ಹೇಳಿದವರು ಯಾರು? ಅಂಗಡಿಯವನೇ? ಪರಿಚಯದವನೇ? ಅಂದು ಅಣ್ಣ ನಂಬಿದ್ದೂ ಅಂಥವರನ್ನೇ.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ಟ್ಯಾಬ್ಲೆಟ್ಟನ್ನೋ ಲ್ಯಾಪ್‌ಟಾಪನ್ನೋ ಕೊಳ್ಳಲು ಹೋದಾಗ, ಅಂಗಡಿ ಯಾರದ್ದೇ ಆಗಿರಲಿ, ಅದನ್ನು ಬಳಸುವವರನ್ನು ಜೊತೆಗೆ ಕರೆದುಕೊಂಡು ಹೋಗಿ. ಪೆಟ್ಟಿಗೆಯನ್ನು ಅಲ್ಲಿಯೇ ತೆರೆಸಿ, ಕನ್ನಡದ ಒಂದು ಸುದ್ದಿಯನ್ನು ಅವರು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಲಿ. ಓದಲಾಗದಿದ್ದರೆ ಕೊಳ್ಳದೆ ಎದ್ದು ಬನ್ನಿ, ಏಕೆ ಕೊಳ್ಳಲಿಲ್ಲವೆಂಬುದನ್ನು ಅಂಗಡಿಯವರಿಗೆ ಹೇಳಿ ಬನ್ನಿ.